ಇವತ್ತು ಎಂತ ಮಾಡುದಿಲ್ಲ ಅಂತ ಬೆಳಿಗ್ಗೆಯೇ ಬರೆದಿಡಿ

ನಮ್ಮ ಅಡುಗೆಮನೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಉಂಟು. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು, ಸೊಸೈಟಿ ಕಂತು, ಸಣ್ಣವನ ಇಂಜೆಕ್ಷನ್ ಎಲ್ಲ ಅದರಲ್ಲೇ. ಎರಡು ವರ್ಷದಿಂದ ಅದರಲ್ಲಿ ಪೆನ್ಸಿಲಲ್ಲಿ ಇನ್ನೊಂದು ಬರೀತಾ ಇದ್ದೇನೆ, ಆ ದಿನ ನಾನು ಮಾಡದೇ ಬಿಡುವ ಕೆಲಸ. "ನೆಲ ಒರೆಸುದಿಲ್ಲ." "ಬಟ್ಟೆ ಮಡಚುದಿಲ್ಲ." "ಪಲ್ಯ ಇಲ್ಲ, ಸಾರು ಮಾತ್ರ." ಅತ್ತೆ ಮೊದಲ ಸಲ ನೋಡಿದಾಗ, ಎಂತ ಮಾರಾಯ್ತಿ ಇದು, ಮಾಡ್ಲಿಕ್ಕಿರುದನ್ನು ಬರೆಯುದು ಕೇಳಿದ್ದೇನೆ, ಮಾಡದ್ದನ್ನೂ ಬರೀತಾರಾ ಅಂತ ನಗಾಡಿದ್ರು.

ಬರೀಬೇಕು ಮಾರಾಯ್ರೆ. ಯಾಕೆಂದ್ರೆ ಸಣ್ಣ ಮಕ್ಕಳಿರುವ ಮನೆಯಲ್ಲಿ ದಿನಾ ನಾಲ್ಕೈದು ಕೆಲಸ ಬಿಟ್ಟೇ ಹೋಗ್ತದೆ, ನೀವು ಎಷ್ಟು ಓಡಿದ್ರೂ ಹೋಗ್ತದೆ. ಅದು ತನ್ನಷ್ಟಕ್ಕೇ ಬಿಟ್ಟು ಹೋದ್ರೆ ರಾತ್ರಿ ಒಂಬತ್ತೂವರೆಗೆ ಆ ಕುರ್ಚಿ ಮೇಲಿನ ಬಟ್ಟೆ ರಾಶಿ ನೋಡಿ ನಮ್ಮ ಮೇಲೇ ನಮಗೆ ಸಿಟ್ಟು ಬರ್ತದೆ, ಬೆಳಿಗ್ಗೆಯೇ ನಾವಾಗಿ ಬಿಟ್ಟದ್ದಾದ್ರೆ ಅದೇ ರಾಶಿ ಅಲ್ಲೇ ಇರ್ತದೆ ಆದ್ರೆ ನಮ್ಮನ್ನು ಬೈಯುದಿಲ್ಲ. ನಾನು ಹೇಳ್ಲಿಕ್ಕೆ ಹೊರಟದ್ದು ಇಷ್ಟೇ, ಇದನ್ನು ಹೇಗೆ ಮಾಡುದು, ಎಲ್ಲೆಲ್ಲಿ ಆಸೆ ಸ್ವಲ್ಪ ಇಳಿಸಬಹುದು, ಎಲ್ಲಿ ಇಳಿಸ್ಲೇಬಾರದು ಅಂತ.

ನಮ್ಮ ಮನೆಯ ಕಥೆ ಮೊದಲು ಹೇಳ್ತೇನೆ, ಇಲ್ಲದಿದ್ರೆ ಇವಳಿಗೆಂತ ಗೊತ್ತು ಅಂತ ಆಗ್ತದೆ. ಮನೆ ಉಡುಪಿ ಹತ್ತಿರ ಸಂತೆಕಟ್ಟೆಯಲ್ಲಿ. ಮಗಳಿಗೆ ಐದು, ಯುಕೆಜಿ. ಸಣ್ಣವನಿಗೆ ಎರಡೂವರೆ. ನನಗೆ ಒಂಬತ್ತೂವರೆಗೆ ಮಣಿಪಾಲದಲ್ಲಿ ಆಫೀಸು. ಇವ್ರಿಗೆ ಮಂಗಳೂರಲ್ಲಿ ಕೆಲಸ, ಏಳಕ್ಕೆ ಎಕ್ಸ್‌ಪ್ರೆಸ್ ಬಸ್ಸು ಹಿಡಿದ್ರೆ ವಾಪಸು ಮುಟ್ಟುವಾಗ ರಾತ್ರಿ ಎಂಟು. ಅತ್ತೆ ನಮ್ಮೊಟ್ಟಿಗೇ ಇದ್ದಾರೆ, ಮೊಣಗಂಟು ನೋವು, ಎರಡೂವರೆ ವರ್ಷದವನ ಹಿಂದೆ ಓಡ್ಲಿಕ್ಕೆ ಅವ್ರಿಂದ ಆಗುದಿಲ್ಲ, ಓಡಿ ಅಂತ ಹೇಳುದೂ ಸರಿಯಲ್ಲ.

ಪಟ್ಟಿ ಮಾಡ್ಲಿಕ್ಕೆ ಚಾ ಕುದಿಯುವಷ್ಟು ಹೊತ್ತು ಸಾಕು. ತಲೆಯಲ್ಲಿ ಎಂತೆಲ್ಲ ಉಂಟೋ ಒಮ್ಮೆ ಎಣಿಸಿ, ನನಗೆ ಸಾಮಾನ್ಯ ದಿನಕ್ಕೆ 14-15 ಆಗ್ತದೆ. ಅದರಲ್ಲಿ ಮೂರು ಮಾತ್ರ ಇವತ್ತು ಆಗ್ಲೇಬೇಕಾದದ್ದು, ಒಂದು ಮಕ್ಕಳದ್ದು, ಒಂದು ಆಫೀಸಿಂದು, ಒಂದು ಮನೇದು. ಎರಡನ್ನು ಇವತ್ತಿಲ್ಲ ಅಂತ ಕ್ಯಾಲೆಂಡರಲ್ಲಿ ಬರೆದುಬಿಡಿ. ಉಳಿದದ್ದು ಆದ್ರೆ ಆಯ್ತು, ಇಲ್ಲದಿದ್ರೆ ಇಲ್ಲ. ಬಿಡುವ ಎರಡು ದಿನಾ ಒಂದೇ ಆಗ್ಬಾರದು, ನೆಲ ಒಂದು ವಾರ ಒರೆಸದಿದ್ರೆ ಇರುವೆ ಬಂದು ಅವುಗಳೇ ನೆನಪು ಮಾಡ್ತವೆ. ಮತ್ತೊಂದು ಕಟ್ಟುನಿಟ್ಟು, ನಿಮ್ಮ ಊಟ, ನಿಮ್ಮ ನಿದ್ದೆ, ನಿಮ್ಮ ಮಾತ್ರೆ, ಇವು ಬಿಡುವ ಪಟ್ಟಿಗೆ ಬರ್ಲಿಕ್ಕೇ ಇಲ್ಲ. ನಾವು ಹೆಂಗಸರು ಮೊದಲು ಬಿಡುದೇ ಅದನ್ನು. ನಿಂತುಕೊಂಡು ಮಗಳು ಬಿಟ್ಟ ಅರ್ಧ ದೋಸೆ ತಿಂದು ಅದನ್ನೇ ತಿಂಡಿ ಅಂತ ಲೆಕ್ಕ ಹಾಕುದು, ನಾನೂ ಒಂದು ವರ್ಷ ಹಾಗೇ ಮಾಡಿದ್ದೇನೆ, ಆಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಕಡಿಮೆ ಅಂತ ಬಂತು, ಸುಸ್ತಿಗೆ ನಾನು ಇಷ್ಟು ದಿನ ಮಕ್ಕಳನ್ನು ದೂರಿದ್ದು.

ಇದು ಸೋಮಾರಿಗಳ ತತ್ವ ಅಂತ ಯಾರಾದ್ರೂ ಹೇಳಿದ್ರೆ ಒಂದು ವಿಷಯ ಹೇಳಿ. ಡೊನಾಲ್ಡ್ ವಿನಿಕಾಟ್ ಅಂತ ಇಂಗ್ಲೆಂಡಿನಲ್ಲಿ ಒಬ್ಬರು ಮಕ್ಕಳ ಡಾಕ್ಟ್ರು ಇದ್ರು, ಮನೋವಿಶ್ಲೇಷಕ ಸಹ, 1953ರ ಒಂದು ಲೇಖನದಲ್ಲಿ ಅವ್ರು "ಸಾಕು ಅನ್ನುವಷ್ಟು ಒಳ್ಳೆಯ ಅಮ್ಮ" ಅನ್ನುವ ಅರ್ಥದ ಮಾತು ಬಳಸಿದ್ರು. ಶಿಶು ಹುಟ್ಟಿದ ಹೊಸತರಲ್ಲಿ ಅಮ್ಮ ಹೆಚ್ಚುಕಡಿಮೆ ಪೂರ್ತಿ ಅದಕ್ಕೆ ಹೊಂದಿಕೊಂಡಿರ್ತಾಳೆ, ಅದು ಬೆಳೆದ ಹಾಗೆ ಸ್ವಲ್ಪಸ್ವಲ್ಪವೇ ಹಿಂದೆ ಸರೀತಾಳೆ, ಕರೆದ ಕೂಡಲೇ ಬರುದಿಲ್ಲ, ಆ ತಡವನ್ನು ತಾಳಿಕೊಳ್ಳುದನ್ನು ಮಗು ಹಾಗೇ ಕಲಿಯುದು ಅಂತ ಅವ್ರ ಮಾತಿನ ತಾತ್ಪರ್ಯ. ಅಂದ್ರೆ ನೀವು ಸಾಂಬಾರಿಗೆ ಒಗ್ಗರಣೆ ಹಾಕಿ ಬರುವ ತನಕ ಮಗು ಎರಡು ನಿಮಿಷ ಪಿರಿಪಿರಿ ಮಾಡಿದ್ರೆ ಅದೇನೂ ಅನ್ಯಾಯ ಅಲ್ಲ.

ಈಗ ಮಳೆಗಾಲಕ್ಕೆ ಬರುವ, ನಮ್ಮ ಊರಿನ ಅಪ್ಪ ಅಮ್ಮಂದಿರ ನಿಜವಾದ ಪರೀಕ್ಷೆ ಅದೇ. ಜೂನಿಂದ ಆಟಿ (ಆಗಸ್ಟ್ ನಡುವಿಗೆ ಮುಗಿಯುವ ತುಳು ತಿಂಗಳು) ಮುಗಿಯುವ ತನಕ ಬಟ್ಟೆ ಒಣಗುದಿಲ್ಲ, ಒಣಗಿದ್ರೂ ಒಂದು ವಾಸನೆ. ಇದಕ್ಕೆ ನಾನು ಕಂಡ ಉಪಾಯ ಹೇಳ್ತೇನೆ. ಯೂನಿಫಾರ್ಮ್ ಮೂರು ಜೊತೆ, ಎರಡು ಸಾಕಾಗುದಿಲ್ಲ. ಸಾಕ್ಸ್ ಆರು ಜೊತೆ, ಎಲ್ಲ ಒಂದೇ ಥರದ್ದು ತಗೊಳ್ಳಿ, ಆಗ ಜೋಡಿ ಹುಡುಕುವ ಕೆಲಸವೇ ಇಲ್ಲ. ಬೆಳಿಗ್ಗೆ ನೋಡುವಾಗ ಶರ್ಟು ಇನ್ನೂ ಚಂಡಿ ಅಂತ ಇದ್ರೆ ಒಂದು ಒಣಗಿದ ದಪ್ಪ ಬೈರಾಸಿನ (ಟವೆಲಿನ) ಮೇಲೆ ಅದನ್ನು ಹರಡಿ, ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ ಅದರ ಮೇಲೆ ನಿಂತುಬಿಡಿ, ಮಕ್ಕಳನ್ನೂ ನಿಲ್ಲಿಸಿ, ಸಣ್ಣವನಿಗೆ ಅದು ದಿನದ ದೊಡ್ಡ ಆಟ. ನೀರೆಲ್ಲ ಬೈರಾಸು ಎಳೆದುಕೊಳ್ತದೆ, ಮತ್ತೆ ಇಸ್ತ್ರಿ ಪೆಟ್ಟಿಗೆ ಎರಡು ಸಲ ಆಡಿಸಿದ್ರೆ ಹಾಕ್ಲಿಕ್ಕಾಗ್ತದೆ. ಕಾರ್ಕಳದ ನನ್ನ ಅಮ್ಮನ ಮನೆಯಲ್ಲಾದ್ರೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿದ್ರು, ಎಲ್ಲ ಬಟ್ಟೆಗೂ ಹೊಗೆಯ ಪರಿಮಳ, ಶಾಲೆಯಲ್ಲಿ ನಮ್ಮ ಬೆಂಚಿಡೀ ಹಾಗೇ ಇತ್ತು, ಯಾರಿಗೂ ಎಂತ ಅನ್ನಿಸ್ತಿರ್ಲಿಲ್ಲ.

ಬಟ್ಟೆ ಅಂದ್ರೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವ ವಿಷಯ. ಜುಲೈಯಲ್ಲಿ ದಿನಾ ಒಂದು ಬೆಡ್‌ಶೀಟ್ ಅಂದ್ರೆ ತಲೆಬಿಸಿ ಆಗ್ತದೆ ಖಂಡಿತ, ಆದ್ರೆ ಅದಕ್ಕೆ ಮಗುವಿಗೆ ಜೋರು ಮಾಡಿ ಪ್ರಯೋಜನ ಇಲ್ಲ, ಐದು ವರ್ಷದ ಒಳಗೆ ರಾತ್ರಿ ಒದ್ದೆ ಮಾಡುದನ್ನು ವೈದ್ಯರು ತೊಂದರೆ ಅಂತ ಲೆಕ್ಕಕ್ಕೇ ತಗೊಳ್ಳುದಿಲ್ಲ, ಐದು ದಾಟಿದ ಮೇಲೂ ಎಷ್ಟೋ ಮಕ್ಕಳಿಗೆ ಇರ್ತದೆ, ಹೆಚ್ಚಿನವ್ರಿಗೆ ತನ್ನಷ್ಟಕ್ಕೇ ನಿಲ್ತದೆ. ಹಾಸಿಗೆ ಹೀಗೆ ಮಾಡಿ: ಕೆಳಗೆ ರಬ್ಬರ್ ಶೀಟು, ಅದರ ಮೇಲೆ ಬಟ್ಟೆ, ಅದರ ಮೇಲೆ ಮತ್ತೊಂದು ರಬ್ಬರ್ ಶೀಟು, ಮತ್ತೊಂದು ಬಟ್ಟೆ. ರಾತ್ರಿ ಎರಡು ಗಂಟೆಗೆ ಒದ್ದೆ ಆದ್ರೆ ಮೇಲಿನ ಎರಡನ್ನು ಎಳೆದು ಮೂಲೆಗೆ ಬಿಸಾಡಿದ್ರಾಯ್ತು, ಕೆಳಗೆ ಒಣಗಿದ ಹಾಸಿಗೆ ರೆಡಿ, ಲೈಟು ಹಾಕುದೂ ಬೇಡ. ಬೆಡ್‌ಶೀಟಿನ ಬದಲು ಹಳೆ ಕಾಟನ್ ಸೀರೆ ಎರಡು ಮಡಿಕೆ ಮಾಡಿ ಹಾಕಿ, ಫ್ಯಾನಿನ ಅಡಿಯಲ್ಲಿ ಬೇಗ ಒಣಗ್ತದೆ. ಆದ್ರೆ ಒಮ್ಮೆ ನಿಂತದ್ದು ಮತ್ತೆ ಶುರುವಾದ್ರೆ, ಅಥವಾ ಉಚ್ಚೆ ಹೊಯ್ಯುವಾಗ ಉರಿ, ವಿಪರೀತ ಬಾಯಾರಿಕೆ ಇದ್ರೆ ಡಾಕ್ಟ್ರಿಗೆ ತೋರಿಸಿ.

ಮತ್ತೆ ಆ ರಜೆ. ರೆಡ್ ಅಲರ್ಟ್ ಇದ್ದ ದಿನ ಬೆಳಿಗ್ಗೆ ಎದ್ದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಡಿಸಿ ರಜೆ ಕೊಟ್ಟಿದ್ದಾರಾ. ಮಕ್ಕಳಿಗೆ ಖುಷಿ, ನಮಗೆ ಎದೆ ಢವಢವ. ಕಳೆದ ವರ್ಷ ಒಂದು ಸಲ ಬಾಕ್ಸಿಗೆ ತಿಂಡಿ ತುಂಬಿಸಿ, ಸಾಕ್ಸ್ ಹಾಕಿಸಿ, ರೈನ್‌ಕೋಟಿನ ಗುಂಡಿ ಹಾಕ್ತಾ ಇರುವಾಗ ಮೆಸೇಜು ಬಂತು, ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ, ಮಗಳು ರೈನ್‌ಕೋಟಲ್ಲೇ ಅಂಗಳಕ್ಕೆ ಹೋಗಿ ಕುಣಿದಳು. ಅವತ್ತು ಆಫೀಸಲ್ಲಿ ಒಂದು ಮುಖ್ಯ ಕೆಲಸ ಇತ್ತು. ಆಮೇಲೆ ಪಕ್ಕದ ಮನೆ ಅಕ್ಕನೊಟ್ಟಿಗೆ ಒಂದು ಒಪ್ಪಂದ ಮಾಡಿಕೊಂಡೆ, ಅವ್ರಿಗೂ ಎರಡು ಮಕ್ಕಳು, ಅವ್ರದ್ದು ಮನೆಯಿಂದಲೇ ಟೈಲರಿಂಗ್. ಮಳೆ ರಜೆ ಬಂದ್ರೆ ಮಧ್ಯಾಹ್ನದ ತನಕ ನಾಲ್ಕೂ ಮಕ್ಕಳು ಅವ್ರಲ್ಲಿ, ನಾನು ಅರ್ಧ ದಿನ ಲೀವ್ ಹಾಕಿ ಬಂದ ಮೇಲೆ ನಾಲ್ಕೂ ನನ್ನಲ್ಲಿ. ನಿಮ್ಮ ಓಣಿಯಲ್ಲಿ ಅಂಥ ಒಬ್ಬರನ್ನು ಮೇ ತಿಂಗಳಲ್ಲೇ ಹುಡುಕಿ ಮಾತಾಡಿಡಿ, ಜುಲೈಯಲ್ಲಿ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿ ಕೇಳಿದ್ರೆ ಇಬ್ಬರಿಗೂ ಮುಜುಗರ. ಮತ್ತೆ ಒಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಹಳೆ ಬಳೆ, ಟೇಪು, ಖಾಲಿ ಡಬ್ಬ, ಮದುವೆ ಕಾಗದ, ಮೊಂಡು ಕತ್ತರಿ. ಮಳೆ ರಜೆಯಲ್ಲಿ ಮಾತ್ರ ಅದು ಅಟ್ಟದಿಂದ ಇಳಿಯುದು. ದಿನಾ ಸಿಕ್ಕಿದ್ರೆ ಅದಕ್ಕೆ ಬೆಲೆ ಇಲ್ಲ.

ಮೊಬೈಲ್ ಬಗ್ಗೆ ನನ್ನನ್ನು ಕೇಳ್ಬೇಡಿ ಅಂತ ಹೇಳುವ ಅಂತಿದ್ದೆ, ಆದ್ರೂ ಹೇಳ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯವ್ರು 2019ರಲ್ಲಿ ಹೇಳಿದ್ದು, ಎರಡು ವರ್ಷದ ಒಳಗೆ ಸ್ಕ್ರೀನ್ ಬೇಡ, 2ರಿಂದ 4 ವರ್ಷಕ್ಕೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗ್ಬಾರದು, ಕಡಿಮೆ ಆದಷ್ಟೂ ಒಳ್ಳೆದು. ನಮ್ಮ ಮನೆಯಲ್ಲಿ ಮಳೆ ರಜೆ ದಿನ ಅದು ದಾಟ್ತದೆ, ಸುಳ್ಳು ಹೇಳುದಿಲ್ಲ. ಹಾಗಾಗಿ ನಾನು ಗಂಟೆ ಲೆಕ್ಕ ಬಿಟ್ಟು ಜಾಗದ ಲೆಕ್ಕ ಹಿಡಿದಿದ್ದೇನೆ, ಊಟದ ಬಟ್ಟಲಿನ ಹತ್ತಿರ ಇಲ್ಲ, ಹಾಸಿಗೆಯಲ್ಲಿ ಇಲ್ಲ. ಈ ಎರಡು ಸಣ್ಣ ಗೆರೆ ದಾಟದಿದ್ರೆ ಉಳಿದದ್ದು ಹೆಚ್ಚುಕಡಿಮೆ ತನ್ನಷ್ಟಕ್ಕೇ ಕಡಿಮೆ ಆಗ್ತದೆ.

ಊಟ. ಒಂದು ವರ್ಷ ದಾಟಿದ ಮಗು ಊಟ ಮಾಡುದಿಲ್ಲ ಅಂತ ಹೇಳದ ಒಬ್ಬಳು ಅಮ್ಮನನ್ನು ನಾನು ಇವತ್ತಿನ ತನಕ ನೋಡ್ಲಿಲ್ಲ. ಲೆಕ್ಕ ನೋಡಿ, ಹುಟ್ಟುವಾಗ 3 ಕೆಜಿ ಇದ್ದ ಮಗು ಒಂದು ವರ್ಷಕ್ಕೆ 9 ಕೆಜಿ ಹತ್ತಿರ ಆಗ್ತದೆ, ಮೂರು ಪಟ್ಟು. ಮತ್ತಿನ ಇಡೀ ವರ್ಷದಲ್ಲಿ ಏರುದು ಎರಡು ಎರಡೂವರೆ ಕೆಜಿ. ಬೆಳವಣಿಗೆಯೇ ನಿಧಾನ ಆಗುವಾಗ ಹಸಿವೂ ಕಡಿಮೆ ಆಗುದು ಸಹಜ ಅಲ್ವಾ, ನಾವು ಮಾತ್ರ ಅದೇ ದೊಡ್ಡ ಬಟ್ಟಲು ಹಿಡ್ಕೊಂಡು ಅಂಗಳದಲ್ಲಿ ಕಾಗೆ ತೋರಿಸ್ತಾ ಸುತ್ತುದು. ಎಂತ ಬಡಿಸುದು, ಯಾವಾಗ, ಎಲ್ಲಿ ಅನ್ನುದು ನಮ್ಮ ಕೆಲಸ. ತಿನ್ನುದಾ ಬಿಡುದಾ, ಎಷ್ಟು ಅನ್ನುದು ಅದರ ಕೆಲಸ. ಇದನ್ನು ಒಪ್ಪಿಕೊಳ್ಳಲಿಕ್ಕೆ ನನಗೆ ಆರು ತಿಂಗಳು ಬೇಕಾಯ್ತು, ಅತ್ತೆಗೆ ಇನ್ನೂ ಆಗ್ಲಿಲ್ಲ. ತೂಕ ಕಾರ್ಡಿನ ಗೆರೆಯಲ್ಲಿ ಏರ್ತಾ ಇದ್ರೆ, ಮಗು ಆಡ್ತಾ ಇದ್ರೆ ಸುಮ್ಮನಿರಿ. ಗೆರೆ ಕೆಳಗೆ ಬಗ್ಗಿದ್ರೆ ತೋರಿಸಿ.

ಅಡುಗೆಯೂ ಹಾಗೇ. ವಾರಕ್ಕೆ ಎರಡು ರಾತ್ರಿ ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ, ಒಂದು ಚಟ್ನಿ, ಮಕ್ಕಳಿಗೆ ತುಪ್ಪ ಮತ್ತು ಬೇಯಿಸಿದ ಮೊಟ್ಟೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆ 61 ದಿನ ಬಂಗುಡೆ ರೇಟು ಕೇಳುದೂ ಬೇಡ, ಒಣಮೀನು ಚಟ್ನಿ ಮಾಡಿ ಬಾಟ್ಲಿಯಲ್ಲಿ ಹಾಕಿಟ್ರೆ ದೊಡ್ಡವ್ರಿಗೆ ನಾಲ್ಕು ದಿನ ಆಯ್ತು. ಕಾರ್ಟೂನ್ ಆಕಾರದಲ್ಲಿ ಚಪಾತಿ ಕತ್ತರಿಸಿದ ಟಿಫಿನ್ ಬಾಕ್ಸಿನ ಫೋಟೋ ಹಾಕುವವ್ರ ಬಗ್ಗೆ ನನಗೆ ದ್ವೇಷ ಇಲ್ಲ, ಆದ್ರೆ ಮ್ಯೂಟ್ ಮಾಡಿದ್ದೇನೆ.

ಶೀತ ಜ್ವರ: ಶಾಲೆಗೆ ಹೊಸತಾಗಿ ಹೋಗುವ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತ ಆಗುದು ಮಾಮೂಲು. ನಿಮ್ಮ ಆರೈಕೆ ಕಡಿಮೆ ಆದದ್ದಕ್ಕೆ ಅಲ್ಲ. ಮೂಗು ಸೋರಿದ ಕೂಡಲೇ ಆಂಟಿಬಯೋಟಿಕ್ ಕೊಡಿ ಅಂತ ಡಾಕ್ಟ್ರಲ್ಲಿ ಹಠ ಮಾಡ್ಬೇಡಿ, ಶೀತ ವೈರಸ್ಸಿಂದ ಬರುದು, ಅದಕ್ಕೆ ಆ ಮದ್ದು ತಾಗುದಿಲ್ಲ. ಉಸಿರು ಎಳೆಯುವಾಗ ಎದೆ ಒಳಗೆ ಹೋದ್ರೆ, ನೀರು ಸಹ ಕುಡಿಯದಿದ್ರೆ, ಮಂಕಾಗಿ ಬಿದ್ದುಕೊಂಡ್ರೆ ಮಾತ್ರ ಕಾಯ್ಬೇಡಿ, ರಾತ್ರಿಯಾದ್ರೂ ಸೈ ಹೊರಡಿ.

ಬೊಬ್ಬೆ ಹಾಕುವ ವಿಷಯ ಸ್ವಲ್ಪ ಉದ್ದಕ್ಕೆ ಬರೀತೇನೆ. ಒಂದು ದಿನ ಬೆಳಿಗ್ಗೆ ಎಂಟೂ ಹತ್ತಕ್ಕೆ, ರಿಕ್ಷಾದವ ಹೊರಗೆ ಹಾರ್ನ್ ಹಾಕ್ತಾ ಇದ್ದಾನೆ, ಮಗಳು ಶೂ ಹಾಕುವ ಬದಲು ಶೂವಿನೊಳಗೆ ಒಂದು ಚೇರಟೆ (ಮುಟ್ಟಿದ್ರೆ ಸುರುಳಿ ಸುತ್ತುವ ಸಾವಿರ ಕಾಲಿನ ಹುಳ) ಹೊಕ್ಕಿದೆ ಅಂತ ಅದನ್ನು ಪೊರಕೆ ಕಡ್ಡಿಯಲ್ಲಿ ಹೊರಗೆ ಕರೀತಾ ಕೂತಿದ್ದಾಳೆ, ಮೆಲ್ಲ ಬಾ, ಮೆಲ್ಲ ಬಾ ಅಂತ. ನಾನು ಎಂಥ ಜೋರಾಗಿ ಕಿರುಚಿದೆ ಅಂದ್ರೆ ರಿಕ್ಷಾದವನೇ ಇಂಜಿನ್ ಆಫ್ ಮಾಡಿದ. ಅವಳು ಅಳಲಿಲ್ಲ, ಸುಮ್ಮನೆ ಚಪ್ಪಲಿ ಹಾಕಿ ಹೋದಳು, ಕಡ್ಡಿ ಕೈಯಲ್ಲೇ ಇತ್ತು. ಇಡೀ ದಿನ ಆಫೀಸಲ್ಲಿ ನನಗೆ ಆ ಕಡ್ಡಿಯೇ ಕಾಣ್ತಿತ್ತು.

ಎಡ್ವರ್ಡ್ ಟ್ರಾನಿಕ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ತಾಯಿ ಮತ್ತು ಶಿಶುಗಳನ್ನು ಕೂರಿಸಿ, ವಿಡಿಯೋ ಮಾಡಿ ನೋಡಿದವ್ರು. ಚೆನ್ನಾಗಿರುವ ಜೋಡಿಗಳಲ್ಲೂ ಇಬ್ಬರ ತಾಳ ಕೂಡಿಬರುದಕ್ಕಿಂತ ತಪ್ಪುದೇ ಹೆಚ್ಚು, ತಪ್ಪಿದ್ದನ್ನು ಮತ್ತೆ ಸೇರಿಸಿಕೊಳ್ತಾರಾ ಅನ್ನುದೇ ಮುಖ್ಯ ಅಂತ ಅವ್ರಿಗೆ ಕಂಡದ್ದು. ಹಾಗಾದ್ರೆ ಸೇರಿಸಿಕೊಳ್ಳುದು ಹೇಗೆ? ಸಂಜೆ ಬಂದು ಚಾಕಲೇಟು ಕೊಡುದಲ್ಲ. ನೆಲದ ಮೇಲೆ ಅವಳ ಎತ್ತರಕ್ಕೆ ಕೂತು, ಬೆಳಿಗ್ಗೆ ನಾನು ಬೊಬ್ಬೆ ಹಾಕಿದ್ದು ತಪ್ಪು, ನನಗೆ ಲೇಟಾಯ್ತು ಅಂತ ಹೆದರಿಕೆ ಆಗಿತ್ತು, ಅಷ್ಟೇ. "ಆದ್ರೆ ನೀನು ಸಹ" ಅಂತ ಮುಂದುವರಿಸ್ಬೇಡಿ, ಅಲ್ಲಿಗೆ ನಿಲ್ಲಿಸಿ. ಮಗಳು ಎಂತ ಹೇಳಿದಳು ಗೊತ್ತುಂಟಾ, "ಚೇರಟೆ ಈಗ ಎಲ್ಲಿ ಉಂಟು?" ಮತ್ತೆ ನಾವಿಬ್ಬರೂ ಟಾರ್ಚು ಹಿಡ್ಕೊಂಡು ಶೂ ಸ್ಟ್ಯಾಂಡಿನ ಅಡಿಯಲ್ಲಿ ಹುಡುಕಿದ್ದು. ಈಗ ಶೂ ಹಾಕುವ ಕೆಲಸವನ್ನು ಎಂಟು ಗಂಟೆಗೆ ಬದಲಾಯಿಸಿದ್ದೇವೆ, ತಿಂಡಿಗಿಂತ ಮೊದಲು, ಮನೆಯೊಳಗೇ ಶೂ ಹಾಕ್ಕೊಂಡು ದೋಸೆ ತಿಂತಾಳೆ, ಅತ್ತೆಗೆ ಅದು ಕಣ್ಣಿಗೆ ಸೇರುದಿಲ್ಲ, ಆದ್ರೆ ಬೊಬ್ಬೆ ಅರ್ಧಕ್ಕರ್ಧ ಕಡಿಮೆ ಆಗಿದೆ.

ಗಂಡಸರ ಪಾಲು. "ನಾನು ಹೆಲ್ಪ್ ಮಾಡ್ತೇನಲ್ಲ, ಎಂತ ಮಾಡ್ಬೇಕು ಹೇಳು" ಅಂತಾರಲ್ಲ, ಆ ಹೇಳುದೇ ಒಂದು ಕೆಲಸ, ಅದು ಅವ್ರಿಗೆ ಗೊತ್ತಾಗುದಿಲ್ಲ. ಬಿಡಿಬಿಡಿಯಾಗಿ ಕೊಡ್ಬೇಡಿ, ಒಂದು ಕೆಲಸವನ್ನು ಬುಡದಿಂದ ತುದಿ ತನಕ ಕೊಟ್ಟುಬಿಡಿ. ನಮ್ಮಲ್ಲಿ ಶಾಲೆಯ ಬಟ್ಟೆ ಪೂರ್ತಿ ಇವ್ರದ್ದು, ಒಗೆಯುದು, ಇಸ್ತ್ರಿ, ಸಾಕ್ಸ್ ಹರಿದದ್ದು ನೋಡುದು, ಹೊಸತು ತರುದು. ಮೊದಲ ತಿಂಗಳು ಎಂಟು ವರ್ಷದವ್ರ ಸೈಜಿನ ಸಾಕ್ಸ್ ತಂದ್ರು, ಮಗಳ ಮೊಣಕಾಲಿಗೆ ಬರ್ತಿತ್ತು. ನನ್ನ ನಾಲಿಗೆ ತುರಿಸ್ತಿತ್ತು, ಆದ್ರೂ ಸುಮ್ಮನಿದ್ದೆ. ಕೊಟ್ಟ ಮೇಲೆ ಇಣುಕಿ ನೋಡುದು, ತಿದ್ದುದು ಮಾಡಿದ್ರೆ ಆ ಕೆಲಸ ಒಂದೇ ವಾರದಲ್ಲಿ ನಿಮ್ಮ ತಲೆಗೇ ವಾಪಸು. ಅತ್ತೆಗೂ ಹಾಗೇ, ಅವ್ರಿಂದ ಆಗುವ ಕೆಲಸ ಕೂತುಕೊಂಡು ಮಾಡುವಂಥದ್ದು: ಬಸಳೆ ಬಿಡಿಸುದು, ಸಂಜೆ ದೀಪ ಹಚ್ಚಿ ಮಕ್ಕಳಿಂದ ಭಜನೆ ಹೇಳಿಸುದು, ಕಥೆ. ಆ ಅರ್ಧ ಗಂಟೆ ನನಗೆ ಎಷ್ಟು ದೊಡ್ಡದು ಅಂತ ಅವ್ರಿಗೆ ಬಾಯಿಬಿಟ್ಟು ಹೇಳಿದ್ದೇನೆ, ಹೇಳ್ಬೇಕು.

ನಿದ್ದೆ ಬಗ್ಗೆ ಎರಡೇ ಮಾತು. ಮಕ್ಕಳಿಗೆ 1-2 ವರ್ಷದಲ್ಲಿ ದಿನಕ್ಕೆ 11ರಿಂದ 14 ಗಂಟೆ, 3-4 ವರ್ಷದಲ್ಲಿ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ಹಾಗಾಗಿ ಅಪ್ಪನೊಟ್ಟಿಗೆ ಆಡ್ಲಿ ಅಂತ ಹತ್ತೂವರೆ ತನಕ ಎಬ್ಬಿಸಿಡುದು ಬೇಡ, ಬದಲಿಗೆ ಬೆಳಿಗ್ಗೆ ಇವ್ರು ಹೊರಡುವ ಮೊದಲು ಇಪ್ಪತ್ತು ನಿಮಿಷ ಮಕ್ಕಳೊಟ್ಟಿಗೆ ಇರ್ತಾರೆ. ನಮಗೆ ದೊಡ್ಡವ್ರಿಗೆ ಏಳು ಗಂಟೆ, ಅದು ಸಿಗುದಿಲ್ಲ ಅಂತ ಗೊತ್ತು, ಆದ್ರೆ ಸಂಜೆ ಆರಕ್ಕೆ ಕುಡಿದ ಸ್ಟ್ರಾಂಗ್ ಕಾಫಿಯ ಕೆಫೀನ್ ಅರ್ಧ ಇಳಿಯಲಿಕ್ಕೇ ಸುಮಾರು ಐದು ಗಂಟೆ ಬೇಕು, ಅಂದ್ರೆ ರಾತ್ರಿ ಹನ್ನೊಂದು. ನಾನು ಸಂಜೆ ಕಾಫಿಯನ್ನು ನಾಲ್ಕಕ್ಕೆ ತಂದಿದ್ದೇನೆ. ಇನ್ನು ವ್ಯಾಯಾಮ, ವಾರಕ್ಕೆ 150 ನಿಮಿಷ ಅಂತಾರಲ್ಲ, ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ಒಂದೇ ಸಲ ಇಷ್ಟು ಹೊತ್ತು ಅಂತ ಕಟ್ಟುಪಾಡಿಲ್ಲ, ಐದೈದು ನಿಮಿಷವೂ ಲೆಕ್ಕಕ್ಕೆ ಬರ್ತದೆ. ಬಸ್ಸನ್ನು ಒಂದು ಸ್ಟಾಪ್ ಮೊದಲೇ ಇಳಿದು ಮಣಿಪಾಲದ ಟೈಗರ್ ಸರ್ಕಲ್ ತನಕ ಬಿರುಸಾಗಿ ನಡೆದ್ರೆ ಅದೂ ವ್ಯಾಯಾಮವೇ.

ಇಷ್ಟೆಲ್ಲ ಪಟ್ಟಿ ಮಾಡಿದ್ರೂ ಎಳ್ಳಷ್ಟೂ ಹಗುರ ಆಗದಿದ್ರೆ ಅದು ಬರೀ ಸುಸ್ತು ಅಲ್ಲದೇ ಇರಬಹುದು. ಹೆರಿಗೆಯಾದ ಮೊದಲ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುದು ತುಂಬ ಜನಕ್ಕೆ ಉಂಟು, ಎರಡು ವಾರದ ಒಳಗೆ ಹೋಗ್ತದೆ. ಎರಡು ವಾರ ದಾಟಿದ್ರೂ ಮನಸ್ಸು ಏಳದಿದ್ರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ರೆ, ಮಗುವಿನ ಮುಖ ನೋಡುದೇ ಬೇಡ ಅನ್ನಿಸಿದ್ರೆ, ಸಾಯುವ ಯೋಚನೆ ಬಂದ್ರೆ ಡಾಕ್ಟ್ರನ್ನು ಕಾಣ್ಬೇಕು. ನಮ್ಮಲ್ಲಿ ಬಾಣಂತನ ಮುಗಿಯುವ ತನಕ ಕಷಾಯ, ಎಣ್ಣೆ, ಬಿಸಿನೀರು ಅಂತ ಎಲ್ಲರೂ ನೋಡ್ತಾರೆ, ಗಂಡನ ಮನೆಗೆ ವಾಪಸು ಬಂದ ಮೇಲೆ ಎಲ್ಲರೂ ನೋಡುದು ಮಗುವನ್ನು, ಆದ್ರೆ ಈ ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದ್ರೂ ಶುರುವಾಗಬಹುದು. ಥೈರಾಯ್ಡ್ ಸಹ ಒಮ್ಮೆ ನೋಡಿಸಿ. ಡಾಕ್ಟ್ರಲ್ಲಿಗೆ ಹೋಗ್ಲಿಕ್ಕೆ ನಾಚಿಕೆ ಆದ್ರೆ ಮೊದಲು ಫೋನಾದ್ರೂ ಮಾಡಿ, ಕೇಂದ್ರ ಸರ್ಕಾರದ ಟೆಲಿ ಮಾನಸ್, ನಂಬರ್ 14416, 2022ರ ಅಕ್ಟೋಬರಲ್ಲಿ ಶುರುವಾದದ್ದು, ದುಡ್ಡಿಲ್ಲ, ರಾತ್ರಿ ಹಗಲು ಇರ್ತದೆ, ಕನ್ನಡದಲ್ಲಿ ಮಾತಾಡಬಹುದು. ಅಪ್ಪಂದಿರಿಗೂ ಈ ಖಿನ್ನತೆ ಬರ್ತದೆ. ಅವ್ರದ್ದು ಅಳುವಾಗಿ ಕಾಣುದಕ್ಕಿಂತ ಸಿಟ್ಟಾಗಿ, ಕುಡಿತವಾಗಿ ಕಾಣುದು ಹೆಚ್ಚು.

ಕೊನೆಗೆ ಆದಿತ್ಯವಾರ. ಆ ದಿನವನ್ನು ಪೂರ್ತಿ ಫ್ಯಾಮಿಲಿ ಟೈಮ್ ಅಂತ ಮಾಡ್ಲಿಕ್ಕೆ ಹೋಗ್ಬೇಡಿ, ಮಲ್ಪೆ ಬೀಚಿಗೆ ಹೋಗಿ ಪಾರ್ಕಿಂಗ್ ಹುಡುಕಿ ಮರಳು ತುಂಬಿದ ಎರಡು ಮಕ್ಕಳನ್ನು ಮೀಯಿಸಿ ಮಲಗಿಸುವಾಗ ಸೋಮವಾರಕ್ಕೆ ಜೀವ ಇರುದಿಲ್ಲ. ನಮ್ಮಲ್ಲಿ ತಿಂಗಳಿಗೆ ಒಮ್ಮೆ ಮಲ್ಪೆ, ಉಳಿದ ವಾರ ಅಜ್ಜರಕಾಡಿನ ಭುಜಂಗ ಪಾರ್ಕ್. ಬೆಳಿಗ್ಗೆ ಎರಡು ಗಂಟೆ ಇವ್ರದ್ದು, ಎಲ್ಲಿ ಬೇಕಾದ್ರೂ ಹೋಗ್ಲಿ. ಸಂಜೆ ನಾಲ್ಕರಿಂದ ಆರು ನನ್ನದು, ಮಕ್ಕಳು ಇವ್ರೊಟ್ಟಿಗೆ ಪಾರ್ಕಿಗೆ. ಅವ್ರು ಹೋದ ಮೇಲೆ ಮೊದಮೊದಲು ನಾನು ಪಾತ್ರೆ ತೊಳೀಲಿಕ್ಕೆ ನಿಲ್ತಿದ್ದೆ. ಈಗ ಆದಿತ್ಯವಾರದ ಚೌಕದಲ್ಲಿ ಪೆನ್ಸಿಲ್ ಅಲ್ಲ, ಪೆನ್ನಲ್ಲೇ ಬರೆದಿದ್ದೇನೆ, "4ರಿಂದ 6 ಪಾತ್ರೆ ಮುಟ್ಟುದಿಲ್ಲ" ಅಂತ. ಹೋದ ವಾರ ಜಗಲಿಯಲ್ಲಿ ಕಾಲು ಚಾಚಿ ಕೂತು ಮಳೆ ನೋಡ್ತಿದ್ದೆ, ಅತ್ತೆ ಬಂದು ಹತ್ತಿರ ಕೂತ್ರು, ಸ್ವಲ್ಪ ಹೊತ್ತಾದ ಮೇಲೆ ಕೇಳಿದ್ರು, ಆ ಪೆನ್ಸಿಲ್ ಎಲ್ಲಿಟ್ಟಿದ್ದಿ, ನಾಳೆ ನನ್ನದೂ ಒಂದು ಬರೀಲಿಕ್ಕುಂಟು.